ಗರಿಗಿಂತ ಮೊದಲು ಗುರಿ

ಬೆಂಗಳೂರಿನ ಮಲ್ಲತ್ತಹಳ್ಳಿ ಕೆರೆಯ ಏರಿ, ಭಾನುವಾರದ ಇಳಿಹೊತ್ತು. ಮಾತಾಡುತ್ತಿರುವವರು ಇಬ್ಬರು. ಒಬ್ಬರು ಬಹಳ ವರ್ಷ ಬಿಲ್ಲುಗಾರಿಕೆ ಮಾಡಿ ಈಗ ಬಡಾವಣೆಯ ಮಕ್ಕಳಿಗೆ ಕಲಿಸುವ ಅತ್ತೆ. ಇನ್ನೊಬ್ಬ ಅವರ ಅಣ್ಣನ ಮಗ, ಎಂಜಿನಿಯರಿಂಗ್ ಓದುವ ಹುಡುಗ. ಮೊದಲ ಬಿಲ್ಲು ಕೊಂಡು ತಿಂಗಳಾಗಿದೆ, ಬಾಣ ಇನ್ನೂ ಕೊಂಡಿಲ್ಲ.

ಹುಡುಗ: ಅತ್ತೆ, ಬಾಣ ಆರಿಸಿಬಿಟ್ಟೆ. ನೋಡಿ, ಹನ್ನೆರಡರ ಕಟ್ಟು. ಪೂರ್ತಿ ಕಾರ್ಬನ್, ಮುಂದೆ ಅಲಗು ಇರೋ ಬೇಟೆ ಮೊನೆ. ಬ್ರಾಡ್‌ಹೆಡ್ ಅಂತಾರೆ. ನೀವು ಹೂಂ ಅಂದರೆ ರಾತ್ರಿಯೇ ಆರ್ಡರ್ ಮಾಡ್ತೀನಿ.

ಅತ್ತೆ: ಯಾವುದಕ್ಕೆ ಹೊಡೀತೀಯ ಇದನ್ನ?

ಹುಡುಗ: ಸದ್ಯಕ್ಕೆ ಟಾರ್ಗೆಟ್‌ಗೆ. ಆಮೇಲೆ... ಹೊರದೇಶದಲ್ಲಿ ಬಿಲ್ಲು ಹಿಡಿದು ಜಿಂಕೆ ಬೇಟೆ ಆಡ್ತಾರಲ್ಲ, ಆ ವಿಡಿಯೋ ನೋಡಿ ನೋಡಿ ಆಸೆ ಹತ್ತಿದೆ. ನಮ್ಮೂರ ತೋಟಕ್ಕೂ ಹಂದಿ ನುಗ್ಗುತ್ತೆ ಅಂತ ಅಪ್ಪ ಹೇಳ್ತಾನೇ ಇರ್ತಾರೆ.

ಅತ್ತೆ: ಹಂದಿ ವಿಷಯಕ್ಕೆ ಬರ್ತೀನಿ. ಮೊದಲು ಇಲ್ಲಿ ನೆಟ್ಟಗೆ ನಿಂತ್ಕೋ. ಎರಡೂ ತೋಳು ಪಕ್ಕಕ್ಕೆ ಚಾಚು. ನನ್ನ ಚೀಲದಲ್ಲಿ ಟೇಪ್ ಇದೆ. ಈ ಬೆರಳ ತುದಿಯಿಂದ ಆ ಬೆರಳ ತುದಿಗೆ... 68 ಇಂಚು. ಇದನ್ನ ಎರಡೂವರೆಯಿಂದ ಭಾಗಿಸು.

ಹುಡುಗ: 27 ಇಂಚು ಚಿಲ್ಲರೆ.

ಅತ್ತೆ: ನೀನು ಹೆದೆಯನ್ನ ಗಲ್ಲದವರೆಗೆ ಎಳೆದಾಗ ಬಿಲ್ಲಿಗೂ ಹೆದೆಗೂ ಇರೋ ದೂರ ಹೆಚ್ಚುಕಡಿಮೆ ಅಷ್ಟು. ಇದು ಅಂದಾಜು, ಮೈದಾನದಲ್ಲಿ ಬಿಲ್ಲು ಹಿಡಿಸಿ ಮತ್ತೆ ಅಳೀಬೇಕು. ಹೊಸಬರ ಬಾಣ ಅದಕ್ಕಿಂತ ಒಂದೆರಡು ಇಂಚು ಉದ್ದ ಇರಬೇಕು, ಕಲಿಯೋ ದಿನಗಳಲ್ಲಿ ಎಳೆತ ಬೆಳೀತಾ ಹೋಗುತ್ತೆ. ನೀನು ಆರಿಸಿರೋದು ಎಷ್ಟು ಉದ್ದ?

ಹುಡುಗ: ಅದನ್ನ ನೋಡಲಿಲ್ಲ ಅತ್ತೆ.

ಅತ್ತೆ: ನನ್ನ ಎಡಗೈ ಹೆಬ್ಬೆರಳ ಬುಡ ನೋಡು. ಈ ಗೆರೆ ಹಸ್ತರೇಖೆ ಅಂದ್ಕೋಬೇಡ. ಕಲಿಯೋಕೆ ಶುರು ಮಾಡಿದ ವರ್ಷ ಯಾರದೋ ಬಾಣ ಇಸ್ಕೊಂಡು ಹೊಡೆದೆ. ನನ್ನ ಎಳೆತಕ್ಕೆ ಅದು ಗಿಡ್ಡ. ಎಳೆದಾಗ ಮೊನೆ ಬಿಲ್ಲಿನಲ್ಲಿ ಬಾಣ ಒರಗೋ ಜಾಗದಿಂದ ಹಿಂದಕ್ಕೆ ಜಾರಿತು, ನಾನು ನೋಡಲಿಲ್ಲ, ಬಿಟ್ಟೆ. ಬಾಣ ಎದುರಿಗೆ ಹೋಗಲಿಲ್ಲ, ನನ್ನ ಕೈಗೇ ಬಂತು. ಹತ್ತಿಪ್ಪತ್ತು ಗ್ರಾಮ್ ಕಡ್ಡಿ ಕಣೋ ಅದು. ಅದಕ್ಕೇ ನಾನು ಯಾವ ಮಗುವಿಗೂ ಇನ್ನೊಬ್ಬರ ಬಾಣ ಕೊಡಲ್ಲ.

ಹುಡುಗ: ಸರಿ, ಉದ್ದ ನೋಡಿ ತಗೋತೀನಿ. ಆದರೆ ಇದು ಬಹಳ ಗಟ್ಟಿ. ‘340’ ಅಂತ ಹಾಕಿದ್ದಾರೆ. ಗಟ್ಟಿ ಇದ್ದಷ್ಟೂ ನೇರ ಹೋಗುತ್ತಲ್ವಾ?

ಅತ್ತೆ: ಎಲ್ಲರೂ ಎಡವೋದು ಇಲ್ಲೇ. ಆ 340 ಅನ್ನೋದು ಬಾಣದ ಬಾಗು. ಸ್ಪೈನ್ ಅಂತಾರೆ. 28 ಇಂಚು ಅಂತರದಲ್ಲಿ ಎರಡು ಆಸರೆ ಇಟ್ಟು, ಮೇಲೆ ಬಾಣದ ಕಡ್ಡಿ ಮಲಗಿಸಿ, ನಡುಮಧ್ಯಕ್ಕೆ 880 ಗ್ರಾಮ್ ತೂಕ ನೇತುಹಾಕ್ತಾರೆ. ಕಡ್ಡಿ ಎಷ್ಟು ಜಗ್ಗಿತು ಅಂತ ಇಂಚಿನ ಸಾವಿರನೇ ಭಾಗದ ಲೆಕ್ಕದಲ್ಲಿ ಅಳೀತಾರೆ. ಅರ್ಧ ಇಂಚು ಜಗ್ಗಿದರೆ 500. ಇಂಚಿನ ಸುಮಾರು ಮೂರನೇ ಒಂದು ಭಾಗದಷ್ಟು ಜಗ್ಗಿದರೆ ನಿನ್ನ 340. ಅಂದರೆ ಸಂಖ್ಯೆ ಕಮ್ಮಿಯಾದಷ್ಟೂ ಬಾಣ ಬಿಗಿ.

ಹುಡುಗ: ಬಿಗಿ ಇದ್ದರೆ ಒಳ್ಳೇದೇ ಅಲ್ವಾ?

ಅತ್ತೆ: ತುದಿ ಮುಂದಕ್ಕೆ ಬಾಗಿರೋ ನಿನ್ನ ರಿಕರ್ವ್ ಬಿಲ್ಲು ನೆನಪಿಸ್ಕೋ. ಬಾಣ ಬಿಲ್ಲಿನ ನಡುವಿನಿಂದ ತೂರಿ ಹೋಗಲ್ಲ, ಪಕ್ಕದಿಂದ ಹೋಗುತ್ತೆ. ಹೆದೆ ಬೆರಳಿಂದ ಜಾರುವಾಗ ಸ್ವಲ್ಪ ಪಕ್ಕಕ್ಕೂ ಸರಿಯುತ್ತೆ. ಹಿಂದಿನಿಂದ ಅಷ್ಟು ಜೋರಾಗಿ ನೂಕಿದಾಗ ಕಡ್ಡಿ ಬಳುಕುತ್ತೆ, ನೀರಲ್ಲಿ ಮೀನು ಬಳುಕಿದ ಹಾಗೆ. ಬಿಲ್ಲಿನ ಮೈ ಬಳಸಿಕೊಂಡು ಆಚೆ ದಾಟಿ, ಅಲುಗುತ್ತಾ ಅಲುಗುತ್ತಾ ನಿಧಾನವಾಗಿ ನೆಟ್ಟಗಾಗಿ ಗುರಿಗೆ ಹೋಗುತ್ತೆ. ನಿಧಾನಗತಿಯ ವಿಡಿಯೋದಲ್ಲಿ ನೋಡಿದರೆ ಬೆರಗಾಗ್ತೀಯ. ಆ ಬಳುಕು ನಿನ್ನ ಬಿಲ್ಲಿನ ಬಲಕ್ಕೆ ಸರಿಹೊಂದಿರಬೇಕು. ಬಲಗೈಯವರು ಬಿಟ್ಟ ಬಾಣ ಅತಿ ಬಿಗಿಯಿದ್ದರೆ ಎಡಕ್ಕೆ ಹೋಗುತ್ತೆ, ಅತಿ ಮೆದುವಿದ್ದರೆ ಬಲಕ್ಕೆ. ನಿನ್ನ ಬಿಲ್ಲಿನ ಮೇಲೆ ಎಷ್ಟು ಪೌಂಡ್ ಅಂತ ಬರೆದಿದೆ?

ಹುಡುಗ: 30.

ಅತ್ತೆ: ಅದು 28 ಇಂಚು ಎಳೆದಾಗಿನ ಲೆಕ್ಕ. ಇಂಚು ಕಮ್ಮಿಯಾದರೆ ಸುಮಾರು ಎರಡು ಪೌಂಡ್ ಇಳಿಯುತ್ತೆ. ಹಾಗಾಗಿ ನಿನ್ನ ಬೆರಳಿಗೆ ಬರೋದು 28. ಅಷ್ಟಕ್ಕೆ 700ರಿಂದ 900ರ ನಡುವಿನ ಬಾಣ ಬೇಕು. ಪಟ್ಟಿಯಲ್ಲಿ ಸಿಗೋದು ಅಂದಾಜು, ಖಚಿತ ಆಗೋದು ಹೊಡೆದು ನೋಡಿದ ಮೇಲೆ. ನೀನು ಆರಿಸಿರೋ 340 ಇದಕ್ಕಿಂತ ಬಹಳ ಹೆಚ್ಚು ಬಲದ, ತುದಿಯಲ್ಲಿ ಚಕ್ರ ಇರೋ ಕಾಂಪೌಂಡ್ ಬಿಲ್ಲಿಗೆ ಮಾಡಿದ್ದು. ನಿನ್ನ ಬಿಲ್ಲಿನಲ್ಲಿ ಅದು ಬಳುಕೋದೇ ಇಲ್ಲ. ನಿನ್ನ ಕೈ ಎಷ್ಟೇ ಸರಿಯಿದ್ದರೂ ಎಡಕ್ಕೇ ಬೀಳುತ್ತೆ. ಆಮೇಲೆ ನೀನು ಆ ತಪ್ಪು ಬಾಣಕ್ಕೆ ಹೊಂದಿಸೋಕೆ ಹೋಗಿ ಸರಿಯಿದ್ದ ಕೈಯನ್ನೇ ಕೆಡಿಸ್ಕೋತೀಯ. ಅಂಥ ಹುಡುಗರನ್ನ ತಿದ್ದೋಕೆ ನನಗೆ ವರ್ಷ ಹಿಡಿದಿದೆ.

ಹುಡುಗ: ಅಲ್ಲಿಗೆ ದುಡ್ಡು ಹೆಚ್ಚಾದಷ್ಟೂ ಬಾಣ ಒಳ್ಳೇದು ಅನ್ನೋ ಮಾತು...

ಅತ್ತೆ: ನಿನಗೆ ಹೊಂದಿದ್ದು ಒಳ್ಳೇದು, ಅಷ್ಟೇ. ಹಳಗನ್ನಡದಲ್ಲಿ ಬಾಣಕ್ಕೆ ಏನೇನು ಹೆಸರು ಗೊತ್ತಾ? ಅಂಬು, ಕಣೆ, ಸರಳು. ಜೊತೆಗೆ ಕೋಲು ಅಂತಲೂ ಒಂದು. ಅಳತೆಗೋಲಿನಲ್ಲಿ ಇರೋದೂ ಅದೇ ಕೋಲು. ನನಗಂತೂ ಎರಡೂ ಒಂದೇ ಅನ್ನಿಸುತ್ತೆ. ಸರಿಯಾದ ಬಾಣ ಹೊಡೆಯೋನನ್ನ ಅಳೆಯುತ್ತೆ. ತೋಳು ಎಷ್ಟು, ಬಲ ಎಷ್ಟು, ಎಲ್ಲಿ ತಪ್ಪಿದೆ, ಎಲ್ಲ ಹೇಳುತ್ತೆ. ಹೊಂದದ ಬಾಣ ಸುಳ್ಳು ಹೇಳುತ್ತೆ.

ಹುಡುಗ: ತೂಕ? ಹಗುರ ಇದ್ದರೆ ವೇಗ ಜಾಸ್ತಿ ಅಂತ ಓದಿದೆ.

ಅತ್ತೆ: ವೇಗ ಜಾಸ್ತಿ, ನಿಜ. ಆದರೆ ಬಿಲ್ಲಿನ ಬಲ ಬಾಣದೊಳಕ್ಕೆ ಹೋಗಬೇಕು. ಬಾಣ ತೀರಾ ಹಗುರ ಆದರೆ ಆ ಬಲ ಬಿಲ್ಲಿಗೇ ವಾಪಸ್ ಬಡಿಯುತ್ತೆ. ಬರೀ ಹೆದೆ ಎಳೆದು ಬಿಟ್ಟ ಹಾಗೆ, ಬಿಲ್ಲಿನ ರೆಕ್ಕೆ ಸೀಳಬಹುದು. ಬಾಣದ ತೂಕ ಗ್ರೇನ್ ಲೆಕ್ಕದಲ್ಲಿ, ಒಂದು ಗ್ರಾಮ್‌ಗೆ ಸುಮಾರು 15 ಗ್ರೇನ್. ಪ್ರತಿ ಪೌಂಡ್ ಬಲಕ್ಕೆ ಕನಿಷ್ಠ 5 ಗ್ರೇನ್ ಇರಲಿ ಅನ್ನೋದು ಕಾಂಪೌಂಡ್ ಬಿಲ್ಲಿನವರ ರೂಢಿ. ಹೊಸಬರ ರಿಕರ್ವ್‌ಗೆ ಇನ್ನೂ ಹೆಚ್ಚಿದ್ದರೆ ಕ್ಷೇಮ. ತೂಕ ಎಲ್ಲಿ ಕೂತಿದೆ ಅನ್ನೋದೂ ಮುಖ್ಯ. ಬಾಣವನ್ನ ತೋರುಬೆರಳ ಮೇಲೆ ಮಲಗಿಸು, ತೂಗಿ ನಿಲ್ಲೋ ಜಾಗ ನಡುಮಧ್ಯಕ್ಕಿಂತ ಮುಂದೆ ಇರಬೇಕು. 28 ಇಂಚು ಚಿಲ್ಲರೆ ಬಾಣಕ್ಕೆ ಮೂರು ಇಂಚು ಮುಂದಿದ್ದರೆ ನೂರಕ್ಕೆ ಹತ್ತರಷ್ಟಾಯ್ತು, ಚೆನ್ನಾಗಿ ಹೋಗುತ್ತೆ. ತಲೆ ಭಾರ, ಬಾಲದಲ್ಲಿ ಗರಿ. ತಲೆ ಎಳೆಯುತ್ತೆ, ಗರಿ ಗಾಳಿ ಹಿಡಿದು ತಿದ್ದುತ್ತೆ.

ಹುಡುಗ: ಗರಿ ನಿಜವಾದ ಗರಿಯೇ ಇರಬೇಕಾ? ಪ್ಲಾಸ್ಟಿಕ್‌ದೂ ಇದೆ.

ಅತ್ತೆ: ಬಿಲ್ಲಿನ ಮೈ ತಾಗಿಸಿಕೊಂಡು ಹೊಡೆಯೋರಿಗೆ ಹಕ್ಕಿಯ ಗರಿ ಒಳ್ಳೇದು. ತಾಗಿದರೆ ಮಡಚಿಕೊಂಡು ದಾರಿ ಬಿಡುತ್ತೆ. ಮಳೆಯಲ್ಲಿ ನೆಂದರೆ ಮುದುಡುತ್ತೆ. ಪ್ಲಾಸ್ಟಿಕ್ ವೇನ್ ಮಳೆಗೆ ಹೆದರಲ್ಲ, ಆದರೆ ತಾಗಿದರೆ ಬಾಣವನ್ನೇ ತಿರುಗಿಸಿಬಿಡುತ್ತೆ. ಬಾಣದ ಕಡ್ಡಿಗೂ ಕಾರ್ಬನ್ನೇ ಬೇಕು ಅಂತಿಲ್ಲ. ನಮ್ಮ ದೇಶದ ಸ್ಪರ್ಧೆಗಳಲ್ಲಿ ‘ಇಂಡಿಯನ್ ರೌಂಡ್’ ಅಂತ ಒಂದಿದೆ. ಬಿದಿರಿನ ಬಿಲ್ಲು, ಬಿದಿರಿನ ಬಾಣ, 50 ಮತ್ತು 30 ಮೀಟರ್. ಬಿದಿರಿನಲ್ಲಿ ಒಂದರ ಹಾಗೆ ಇನ್ನೊಂದು ಬೆಳೆಯಲ್ಲ. ನೂರು ಕಡ್ಡಿ ಬಗ್ಗಿಸಿ ನೋಡಿ, ಕಾಯಿಸಿ ನೆಟ್ಟಗೆ ಮಾಡಿ, ಒಂದೇ ಬಾಗಿನ ಆರೇಳು ಆರಿಸ್ತಾರೆ. ಆ ಆರಿಸೋ ಕಣ್ಣು ಬಂದರೆ ಬಿಲ್ಲುಗಾರಿಕೆ ಅರ್ಧ ಬಂದ ಹಾಗೆ.

(ಪಕ್ಕದ ಜ್ಞಾನಭಾರತಿ ವಿಶ್ವವಿದ್ಯಾಲಯ ಆವರಣದ ಮರಗಳ ಕಡೆಯಿಂದ ನವಿಲು ಕೂಗಿತು. ಇಬ್ಬರೂ ಒಂದು ಗಳಿಗೆ ಸುಮ್ಮನಾದರು.)

ಅತ್ತೆ: ಕೇಳಿಸ್ತಾ? ಈಗ ನಿನ್ನ ಬ್ರಾಡ್‌ಹೆಡ್ ಬಗ್ಗೆ ಮಾತಾಡೋಣ. ಅದಕ್ಕೆ ಅಲಗು ಯಾಕೆ ಇಡ್ತಾರೆ ಗೊತ್ತಾ?

ಹುಡುಗ: ಆಳಕ್ಕೆ ಹೋಗಲಿ ಅಂತ.

ಅತ್ತೆ: ಆಳಕ್ಕೆ ಹೋಗೋಕೆ ದುಂಡು ಮೊನೆಯೂ ಸಾಕು. ಬಾಣ ಗುಂಡಿನ ಹಾಗೆ ಅಪ್ಪಳಿಸಿ ಕೊಲ್ಲಲ್ಲ. ಕುಯ್ದು, ರಕ್ತ ಹರಿಸಿ ಕೊಲ್ಲುತ್ತೆ. ಅದಕ್ಕೇ ಅಲಗು ಕ್ಷೌರದ ಕತ್ತಿಯಷ್ಟು ಹರಿತ ಇರಬೇಕು, ಬಾಣ ಭಾರ ಇರಬೇಕು, ಎದೆಗೂಡಿನಲ್ಲಿ ಹೃದಯ, ಶ್ವಾಸಕೋಶ ಇರೋ ಅಂಗೈಯಗಲ ಜಾಗಕ್ಕೇ ಬೀಳಬೇಕು. ಹೊರದೇಶದಲ್ಲಿ ಬೇಟೆಗೆ ಅನುಮತಿ ಇರೋ ಕಡೆ ಇಷ್ಟು ಪೌಂಡ್‌ಗಿಂತ ಕಮ್ಮಿ ಬಲದ ಬಿಲ್ಲು ತರಬೇಡಿ ಅಂತ ಕಾನೂನು ಮಾಡಿರೋದು ಇದಕ್ಕೇ. ಬ್ರಿಟನ್‌ನಲ್ಲಿ ಬಿಲ್ಲಿನ ಬೇಟೆಯನ್ನೇ ನಿಷೇಧಿಸಿದ್ದಾರೆ. ಬಾಣ ನಾಲ್ಕು ಬೆರಳು ಆಚೆ ಬಿದ್ದರೆ ಪ್ರಾಣಿ ಸಾಯಲ್ಲ. ಓಡುತ್ತೆ. ಪೊದೆಯಲ್ಲಿ ಮಲಗಿ ದಿನಗಟ್ಟಲೆ ನವೆಯುತ್ತೆ. ಆ ಭಾಗ ನಿನ್ನ ವಿಡಿಯೋದಲ್ಲಿ ಬರಲ್ಲ.

ಹುಡುಗ: (ಸ್ವಲ್ಪ ತಡೆದು) ಬರಲ್ಲ.

ಅತ್ತೆ: ನಮ್ಮಲ್ಲಿ ಕಾನೂನು ಸ್ಪಷ್ಟ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಮೊದಲು ಲೈಸೆನ್ಸ್ ಪಡೆದು ಕೆಲವು ಪ್ರಾಣಿಗಳ ಬೇಟೆಗೆ ಅವಕಾಶ ಇತ್ತು. 1991ರ ತಿದ್ದುಪಡಿಯಲ್ಲಿ ಅದೂ ಹೋಯ್ತು. ಕೊಂದರೆ ಮಾತ್ರ ಬೇಟೆ ಅಲ್ಲ. ಹಿಡಿದರೂ, ಗಾಯ ಮಾಡಿದರೂ, ಅದಕ್ಕೆ ಪ್ರಯತ್ನ ಪಟ್ಟರೂ ಕಾಯ್ದೆಯ ಪ್ರಕಾರ ಬೇಟೆಯೇ. ಈಗ ಕೂಗಿದ ನವಿಲು ಕಾಯ್ದೆಯ ಮೊದಲನೇ ಅನುಸೂಚಿಯದ್ದು. ಅದಕ್ಕೆ ಬಾಣ ಬಿಟ್ಟರೆ ಕನಿಷ್ಠ ಮೂರು ವರ್ಷ, ಏಳು ವರ್ಷದವರೆಗೂ ಜೈಲು. ಆಗಲೇ ಸರಳು ಅಂದೆನಲ್ಲ, ಜೈಲಿನ ಕಂಬಿಗೂ ಸರಳು ಅಂತಲೇ ಹೆಸರು.

ಹುಡುಗ: ತೋಟದ ಹಂದಿ? ಅಪ್ಪನ ಬೆಳೆ ಹೋಗುತ್ತಲ್ಲ ಅತ್ತೆ.

ಅತ್ತೆ: ಆ ಕಷ್ಟ ನಿಜ. ಒಂದು ರಾತ್ರಿಯಲ್ಲಿ ಜೋಳದ ಹೊಲ ನೆಲಸಮ ಮಾಡ್ತವೆ. ಆದರೆ ಹಂದಿಯೂ ಕಾಯ್ದೆಯೊಳಗೇ ಇದೆ. ಬೆಳೆ ಹಾನಿಯ ಫೋಟೋ, ಪಹಣಿ ಇಟ್ಟು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕು ಅಂತ ಅಣ್ಣನಿಗೆ ಹೇಳು, ಬೇಲಿಗೆ ಏನು ನೆರವಿದೆ ಕೇಳು. ಪ್ರಾಣಿ ಮನುಷ್ಯರ ಜೀವಕ್ಕೆ ಅಪಾಯ ಆದರೆ ಏನು ಮಾಡಬೇಕು ಅಂತ ತೀರ್ಮಾನ ಮಾಡೋಕೆ ಮುಖ್ಯ ವನ್ಯಜೀವಿ ಪರಿಪಾಲಕರಿದ್ದಾರೆ. 30 ಪೌಂಡ್ ಬಿಲ್ಲು ಹಿಡಿದು ಗಾಯಗೊಂಡ ಹಂದಿಯ ಎದುರು ನೀನು ನಿಂತಿರೋದನ್ನ ನೆನೆಸ್ಕೊಂಡರೇ ನನಗೆ ಎದೆ ಝಲ್ ಅನ್ನುತ್ತೆ.

ಹುಡುಗ: ಆದರೆ ನಮ್ಮ ನಾಡಿನಲ್ಲಿ ಬೇಟೆ ಇತ್ತಲ್ಲ. ಬೇಲೂರಿನಲ್ಲಿ ಬಿಲ್ಲು ಹಿಡಿದ ಬೇಟೆಗಾರ್ತಿಯ ಶಿಲ್ಪ ನೀವೇ ತೋರಿಸಿದ್ದು. ಕೊಡಗಿನಲ್ಲಿ ಗಂಡುಮಗು ಹುಟ್ಟಿದರೆ ಹರಳುಗಿಡದ ಕಡ್ಡಿಯ ಪುಟ್ಟ ಬಿಲ್ಲು ಬಾಣ ಕೈಗಿಡ್ತಾರೆ ಅಂತಲೂ ಹೇಳಿದ್ರಿ.

ಅತ್ತೆ: ಇತ್ತು. ಬೇಡರ ಪಡೆ, ಸೋಲಿಗರು, ಕಾಡುಕುರುಬರು, ಎಷ್ಟೋ ಜನರ ಬದುಕೇ ಅದಾಗಿತ್ತು. ಕಾಡಿನ ಜೊತೆ ಹುಟ್ಟಿ ಬೆಳೆದು, ಯಾವ ಪ್ರಾಣಿ ಯಾವಾಗ ಮರಿ ಹಾಕುತ್ತೆ, ಯಾವಾಗ ಮುಟ್ಟಬಾರದು ಅಂತ ತಿಳಿದವರು ಅವರು. ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ಅಭಯಾರಣ್ಯ ಆದಾಗ ಸೋಲಿಗರು ಬೇಟೆ ಬಿಡಬೇಕಾಯ್ತು. ತಲೆಮಾರುಗಳಿಂದ ಕಾಡು ಕಾದವರೇ ಬಿಟ್ಟಿದ್ದನ್ನ, ವಿಡಿಯೋ ನೋಡಿದ ನಾವು ಮೋಜಿಗೆ ಹಿಡಿಯೋದು ಸರಿಯಾ?

ಹುಡುಗ: ಸರಿಯಲ್ಲ.

ಅತ್ತೆ: ಇನ್ನೊಂದು ನೋಡು. ಹಳೇ ಕಾಲದವರು ಬೇಟೆಯಲ್ಲಿ ಏನನ್ನ ನೆನಪಿಟ್ಟುಕೊಂಡರು? ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಒಂದು ಕಲ್ಲು ಸಿಕ್ಕಿದೆ, ಕ್ರಿ.ಶ. 949–50ರ ಹೊತ್ತಿನದು. ಈಗ ನಮ್ಮ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಅರಸ ಬೂತುಗ ತನ್ನ ವೀರ ಮಣಲೆರನ ಶೌರ್ಯಕ್ಕೆ ಮೆಚ್ಚಿ ಏನು ಬೇಕು ಕೇಳು ಅಂದ. ಅವನು ಕೇಳಿದ್ದು ‘ಕಾಳಿ’ ಅನ್ನೋ ಬೇಟೆನಾಯಿ. ಆ ಕಾಳಿ ದೊಡ್ಡ ಹಂದಿಯ ಮೇಲೆ ಬಿತ್ತು. ಕಾದಾಡಿ ಎರಡೂ ಸತ್ತವು. ಕಲ್ಲಿನ ಮೇಲೆ ನಾಯಿ, ಹಂದಿ ಎರಡನ್ನೂ ಕೆತ್ತಿಸಿ, ದೇವಸ್ಥಾನದ ಮುಂದೆ ನೆಡಿಸಿ, ಪೂಜೆಗೆ ಭೂಮಿ ಬಿಟ್ಟರು. ಸಾವಿರ ವರ್ಷದಿಂದ ಉಳಿದಿರೋದು ಸತ್ತ ಜೀವಕ್ಕೆ ಕೊಟ್ಟ ಗೌರವ.

ಹುಡುಗ: ಆದರೂ ಕಾವ್ಯದಲ್ಲಿ ರಾಜರೆಲ್ಲ ಬೇಟೆಗೆ ಹೋಗ್ತಾರೆ.

ಅತ್ತೆ: ಹೋಗ್ತಾರೆ. ಹೋಗಿ ಏನಾಗುತ್ತೆ ಹೇಳು? ದಶರಥ ಕತ್ತಲಲ್ಲಿ ನೀರಿನ ಸದ್ದು ಕೇಳಿ ಆನೆ ಅಂದುಕೊಂಡು ಬಾಣ ಬಿಟ್ಟ. ಬಿದ್ದದ್ದು ಕುರುಡ ತಂದೆತಾಯಿಗೆ ನೀರು ತರೋಕೆ ಬಂದ ಮಗನ ಎದೆಗೆ. ಪಾಂಡು ಜಿಂಕೆ ಅಂದುಕೊಂಡು ಹೊಡೆದದ್ದು ಜಿಂಕೆಯ ರೂಪದಲ್ಲಿದ್ದ ಋಷಿಗೆ. ಮರದಡಿ ಮಲಗಿದ್ದ ಕೃಷ್ಣನ ಪಾದವನ್ನ ಜಿಂಕೆ ಅಂದುಕೊಂಡು ಬೇಡ ಜರ ಬಾಣ ಬಿಟ್ಟ. ಇನ್ನು ರಾಮಾಯಣ ಹುಟ್ಟಿದ್ದೇ ಜೋಡಿ ಕ್ರೌಂಚದಲ್ಲಿ ಒಂದಕ್ಕೆ ಬಿದ್ದ ಬಾಣ ನೋಡಿ ವಾಲ್ಮೀಕಿಯ ಕರುಳು ಮಿಡಿದಾಗ. ಯಾರ ಬಾಣವೂ ಕೆಟ್ಟದ್ದಿರಲಿಲ್ಲ ನೋಡು. ದಶರಥನದ್ದಂತೂ ಶಬ್ದ ಹಿಡಿದು ಹೊಡೆಯೋ ವಿದ್ಯೆ. ಬಾಣ ಸರಿಯಿತ್ತು, ಕೈ ಸರಿಯಿತ್ತು, ಎದುರಿಗಿರೋದು ಯಾರು ಅಂತ ನೋಡಲಿಲ್ಲ.

ಹುಡುಗ: ಅರ್ಜುನನ ಹಂದಿ ಬೇಟೆ ಮಾತ್ರ ಒಳ್ಳೇದಾಯ್ತಲ್ಲ? ಶಿವನೇ ಪಾಶುಪತ ಕೊಟ್ಟ.

ಅತ್ತೆ: ಪಂಪನ ಕಾಲದಿಂದ ಯಕ್ಷಗಾನದವರೆಗೆ ನಮ್ಮವರಿಗೆ ಪ್ರಿಯವಾದ ಕತೆ. ಮೈಮೇಲೆ ನುಗ್ಗಿ ಬಂದ ಹಂದಿಗೆ ಅರ್ಜುನನೂ ಬಾಣ ಬಿಟ್ಟ, ಬೇಡನ ವೇಷದ ಶಿವನೂ ಬಿಟ್ಟ. ಕೊಂದದ್ದು ಯಾರ ಬಾಣ ಅಂತ ಜಗಳ ಹತ್ತಿತು. ಈ ಕತೆ ಹೇಳಿ ಹೇಳಿಯೇ ನಾನು ಮಕ್ಕಳಿಗೆ ಒಂದು ನಿಯಮ ಕಲಿಸೋದು. ಈಗಿನ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಪ್ರತಿ ಬಾಣದ ಕಡ್ಡಿಯ ಮೇಲೂ ಹೊಡೆಯೋರ ಹೆಸರು ಅಥವಾ ಇನಿಷಿಯಲ್ ಇರಲೇಬೇಕು. ಒಂದು ಸುತ್ತಿನಲ್ಲಿ ಬಳಸೋ ಬಾಣಗಳೆಲ್ಲ ಗರಿ, ಬಣ್ಣದಲ್ಲಿ ಒಂದೇ ಥರ ಇರಬೇಕು. ಒಲಿಂಪಿಕ್ಸ್‌ನಲ್ಲಿ 70 ಮೀಟರ್ ದೂರ, ಹತ್ತು ಅಂಕದ ವೃತ್ತ ಬರೀ 12.2 ಸೆಂಟಿಮೀಟರ್. ಅಲ್ಲಿ ಯಾರ ಬಾಣ ಅನ್ನೋ ಜಗಳಕ್ಕೆ ಜಾಗ ಇಲ್ಲ. ಹೆಸರು ಬರೆದ ಮೇಲೆ ಅದು ಎಲ್ಲಿ ಹೋದರೂ ನಿನ್ನದೇ. ಬಿಟ್ಟ ಮೇಲೆ ನನ್ನದಲ್ಲ ಅನ್ನೋ ಹಾಗಿಲ್ಲ.

ಹುಡುಗ: ಹಾಗಾದರೆ ನಾನು ಏನು ತಗೊಳ್ಳಲಿ, ನೀವೇ ಹೇಳಿ.

ಅತ್ತೆ: ಅಲ್ಯೂಮಿನಿಯಂ ಬಾಣ ಆರು ಸಾಕು. ಅದರ ಮೇಲೆ ನಾಲ್ಕು ಅಂಕಿ ಇರುತ್ತೆ. 1716 ಅಥವಾ 1816 ನೋಡು. ಮೊದಲ ಎರಡಂಕಿ ಕಡ್ಡಿಯ ದಪ್ಪ, ಇಂಚಿನ ಅರವತ್ನಾಲ್ಕನೇ ಭಾಗದ ಲೆಕ್ಕದಲ್ಲಿ. ಕೊನೇ ಎರಡಂಕಿ ಗೋಡೆಯ ದಪ್ಪ, ಇಂಚಿನ ಸಾವಿರನೇ ಭಾಗದ್ದು. ಇಪ್ಪತ್ತೆಂಟೂವರೆ, ಇಪ್ಪತ್ತೊಂಬತ್ತು ಇಂಚು ಉದ್ದ, ದುಂಡು ಮೊನೆ, ಮೂರು ಗರಿ. ಕೊಳ್ಳೋಕೆ ಮುಂಚೆ ನನ್ನ ಹತ್ತಿರ ಇರೋ ಎರಡು ಬಗೆಯನ್ನೂ ಹೊಡೆದು ನೋಡು. ಅಲ್ಯೂಮಿನಿಯಂ ಬಾಗಿದರೆ ಕಣ್ಣಿಗೆ ಕಾಣುತ್ತೆ. ಕಾರ್ಬನ್ ಬಿರುಕು ಬಿಟ್ಟರೆ ಕಾಣಲ್ಲ, ಬಿಟ್ಟ ಕ್ಷಣ ಸೀಳಿ ಚೂರು ಕೈಗೇ ಚುಚ್ಚುತ್ತೆ. ಮುಂದೆ ಕಾರ್ಬನ್‌ಗೆ ಹೋದಾಗ ಪ್ರತಿ ಸಲ ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಬಗ್ಗಿಸಿ ನೋಡು. ಚಿಟ್ ಅಂದರೆ ಅಲ್ಲೇ ಮುರಿದು ಬಿಸಾಡು.

ಹುಡುಗ: ಮನೆ ಟೆರೇಸ್ ಮೇಲೆ ಅಭ್ಯಾಸ ಮಾಡ್ಲಾ?

ಅತ್ತೆ: ಬೇಡ. 30 ಪೌಂಡ್ ಬಿಲ್ಲಿನ ಬಾಣ ನೂರು ಮೀಟರ್ ದಾಟಿ ಹೋಗುತ್ತೆ. ಮೂವತ್ತಕ್ಕೆ ನಲವತ್ತು ಅಡಿ ಸೈಟುಗಳ ಈ ಬಡಾವಣೆಯಲ್ಲಿ ನೂರು ಮೀಟರ್ ಅಂದರೆ ಎಷ್ಟು ಮನೆ ಲೆಕ್ಕ ಹಾಕು. ಆಚೆ ಬೀದಿಯಲ್ಲಿ ಬಟ್ಟೆ ಒಣಹಾಕೋ ಅಜ್ಜಿ ಇರ್ತಾರೆ. ಹಿಂದೆ ಎತ್ತರದ ತಡೆ ಇರೋ ಮೈದಾನದಲ್ಲಿ, ಗೆರೆಯ ಮೇಲೆ ನಿಂತು, ಎದುರಿಗೆ ಯಾರೂ ಇಲ್ಲ ಅಂತ ನೋಡಿದ ಮೇಲೆ ಬಾಣ ಹೂಡು. ಅದಕ್ಕೆ ಮುಂಚೆ ಬಾಣ ಬತ್ತಳಿಕೆಯಲ್ಲೇ ಇರಲಿ.

ಹುಡುಗ: ಬ್ರಾಡ್‌ಹೆಡ್ ಆರ್ಡರ್ ಪಟ್ಟಿಯಿಂದ ತೆಗೆದುಹಾಕಿದೆ ಅತ್ತೆ. ಮುಂದಿನ ಭಾನುವಾರ ನಿಮ್ಮ ಜೊತೆ ಬರ್ತೀನಿ. ಒಂದೇ ಒಂದು ಕೇಳ್ತೀನಿ. ಬೇಟೆ ಇಲ್ಲದ ಮೇಲೆ ಬಾಣಕ್ಕೆ ಇನ್ನೇನು ಬೆಲೆ?

ಅತ್ತೆ: ವಿಜಯದಶಮಿಯ ದಿನ ಊರಲ್ಲಿ ಬನ್ನಿ ಮರದ ಹತ್ತಿರ ಬಾಳೆಗಿಡ ನೆಟ್ಟು ಅಂಬು ಹೊಡೆಯೋದು ನೋಡಿದ್ದೀಯಲ್ಲ? ದೇವರ ಉತ್ಸವ, ಊರೆಲ್ಲ ಸೇರಿರುತ್ತೆ, ಬಾಣ ಬಿಟ್ಟ ಮೇಲೆ ಎಲ್ಲರೂ ಬನ್ನಿ ಹಂಚ್ಕೊಂಡು ಬಂಗಾರದ ಹಾಗೆ ಇರೋಣ ಅಂತಾರೆ. ಬಾಣದ ಬೆಲೆ ಏನು ಕಮ್ಮಿ ಆಯ್ತು ಅಲ್ಲಿ? ನಾನು ಇಷ್ಟು ವರ್ಷ ಸಾವಿರಾರು ಬಾಣ ಬಿಟ್ಟಿದ್ದೀನಿ. ಒಂದೂ ಜೀವ ತೆಗೆದಿಲ್ಲ. ಪ್ರತಿಯೊಂದೂ ನನಗೆ ಏನೋ ಕಲಿಸಿದೆ. ಆತುರ ಪಟ್ಟ ದಿನ ಆತುರ ತೋರಿಸಿದೆ, ಉಸಿರು ತಪ್ಪಿದ ದಿನ ಉಸಿರು ತೋರಿಸಿದೆ.

ಅದಕ್ಕೇ ನಿನಗೂ, ಬಿಲ್ಲು ಹಿಡಿಯೋ ಆಸೆ ಇರೋ ಎಲ್ಲ ಮಕ್ಕಳಿಗೂ ಹೇಳೋದು ಒಂದೇ. ಗರಿಯ ಬಣ್ಣ ಆರಿಸೋ ಮೊದಲು ಗುರಿ ಯಾವುದು ಅಂತ ಗೊತ್ತು ಮಾಡ್ಕೊಳ್ಳಿ. ಯಾವುದಕ್ಕೆ ಹೊಡೆಯಬಾರದು ಅನ್ನೋದು ಅದಕ್ಕಿಂತ ಮೊದಲು ಗೊತ್ತಿರಲಿ. ಅದು ಗೊತ್ತಿರೋರ ಕೈಗೆ ಮಾತ್ರ ನಾನು ಬಾಣ ಕೊಡ್ತೀನಿ.